ಮೀಟರ್ ಗುಂಯ್‌ಗುಡುತ್ತದೆ ಎಂದವಳು ನಾನು

ಗಿರಿಜಕ್ಕ, ಆ ಸುಳ್ಳು ನನ್ನದು. ಕರೆಂಟ್ ಮೀಟರುಗಳನ್ನು ಮೊದಲ ಮಹಡಿಗೆ ತಂದರೆ ಹಗಲೂ ರಾತ್ರಿ ಗುಂಯ್‌ಗುಡುತ್ತವೆ, ತಲೆನೋವು ಅಂಟಿಕೊಳ್ಳುತ್ತದೆ ಎಂಬುದು ನಾನು ಎಲ್ಲೋ ಕೇಳಿದ ಮಾತಲ್ಲ. ಹುಟ್ಟಿಸಿದ ಮಾತು. ಬಿಲ್ಡಿಂಗಿನವರು ಈಗಲೂ ಅದಕ್ಕೆ ನಿಮ್ಮ ಹೆಸರಿಟ್ಟು ನಗುತ್ತಾರೆ. ಅವರ ಜೊತೆ ನಾನೂ ನಕ್ಕಿದ್ದೇನೆ.

ಹೊರಗೆ ಬಿರುಗಾಳಿ. ಮುಂಬೈ ಅಂಧೇರಿಯ ನಮ್ಮ ಗಲ್ಲಿಯಲ್ಲಿ ಮೊಣಕಾಲುದ್ದ ನೀರು, ಲೋಕಲ್ ರೈಲು ನಿಂತಿದೆಯಂತೆ. ಆದರೆ ನನ್ನ ಫ್ಯಾನ್ ತಿರುಗುತ್ತಿದೆ! ಕೆಳಗಿನ ಮಹಡಿಯಲ್ಲಿ ನಿಮ್ಮ ಗ್ರೈಂಡರ್ ದೋಸೆ ಹಿಟ್ಟು ಅರೆಯುತ್ತಾ ಗರಗರ ಎನ್ನುತ್ತಿದೆ. ಇಷ್ಟು ಖುಷಿಯ ಸದ್ದನ್ನು ಈ ಊರಿನಲ್ಲಿ ನಾನು ಕೇಳಿಲ್ಲ — ಕೇಳುತ್ತಾ ಸುಮ್ಮನೆ ಕೂರಲು ಆಗುತ್ತಲೂ ಇಲ್ಲ.

ವಿದ್ಯುತ್ ಕಂಪನಿ ನಮ್ಮ ಗಲ್ಲಿಗೆ ಕೈಹಾಕಿದ ವರ್ಷ ನೆನಪಿದೆಯಲ್ಲ? ಎಂಥ ಮಳೆಗೂ ಕರೆಂಟ್ ಹೋಗಬಾರದೆಂದು ಹಳೆಯ ಕೇಬಲ್ ಕಿತ್ತು ಹೊಸದು ಹಾಕಿದರು. ಒಂದು ಲೈನ್ ಕೆಟ್ಟರೆ ಇರಲಿ ಎಂದು ಇನ್ನೊಂದು ಎಳೆದರು, ರಸ್ತೆಯ ಪೆಟ್ಟಿಗೆಗಳನ್ನು ಎತ್ತರದ ಕಟ್ಟೆಯ ಮೇಲೆ ಕೂರಿಸಿದರು. ನಮ್ಮಿಂದ ಕೇಳಿದ್ದು ಇಷ್ಟೇ: ನೆಲಮಹಡಿಯ ಮೀಟರುಗಳು ನೀರಿಗೆ ಸಿಕ್ಕದಂತೆ ಮೇಲಿಡಲು ಮೊದಲ ಮಹಡಿಯ ಚಿಕ್ಕ ಕೋಣೆ. ಅದು ನನ್ನ ಕನ್ನಡ ಕ್ಲಾಸಿನ ಕೋಣೆ. ಶಾಲೆಯಿಂದ ನಿವೃತ್ತಳಾದ ಮೇಲೆ ಬಿಲ್ಡಿಂಗಿನ ಮಕ್ಕಳಿಗೆ ಅಲ್ಲಿ ಅಆಇಈ ಕಲಿಸುತ್ತಿದ್ದೆ. ಅಲ್ಲಿ ನಾನು ಇನ್ನೂ ಟೀಚರ್ — ಬಿಡಲು ಮನಸ್ಸಾಗಲಿಲ್ಲ, ಹಾಗೆಂದು ಬಾಯಿಬಿಟ್ಟು ಹೇಳಲು ನಾಚಿಕೆ.

ಅದಕ್ಕೇ ನಿಮ್ಮನ್ನು ಆರಿಸಿಕೊಂಡೆ. ಹೌದು, ಆರಿಸಿಕೊಂಡೆ. ದೋಸೆ ಹಿಟ್ಟು ಮಾರಲು ಮನೆಮನೆಗೆ ಹೋಗುವವರು ನೀವು, ಮಾತೂ ಜೊತೆಗೆ ಹೋಗುತ್ತದೆ ಎಂದು ಯೋಚಿಸಿಯೇ ಮೆಟ್ಟಿಲ ಮೇಲೆ ನಿಲ್ಲಿಸಿ ಪಿಸುಗುಟ್ಟಿದೆ. ದಿನವಿಡೀ ಗ್ರೈಂಡರ್ ಪಕ್ಕ ಕೂರುವ ನೀವು ಕಣ್ಣರಳಿಸಿ, “ಅಯ್ಯ ನಮ್ಮವ್ವ! ನನಗ ಸಪ್ಪಳ ಅಂದ್ರ ಆಗೂದಿಲ್ರಿ ಅಕ್ಕೋರ!” ಎಂದಿರಿ. ನಗು ತಡೆಯಲು ಸೆರಗನ್ನು ಬಾಯಿಗೆ ಅಡ್ಡ ಹಿಡಿದೆ. ಸಂಜೆಯೊಳಗೆ ಬಿಲ್ಡಿಂಗಿಗೆಲ್ಲ ತಲೆನೋವು ಬಂದಿತ್ತು. ಬಿಲ್ಡಿಂಗಿನ ಸೊಸೈಟಿ ಕೋಣೆ ಕೊಡಲಿಲ್ಲ, ಕಂಪನಿಯವರು ಪಕ್ಕದ ಬಿಲ್ಡಿಂಗಿಗೆ ಹೋದರು.

ಮರುವರ್ಷದ ಮಳೆಗೆ ನಮ್ಮ ಮೀಟರುಗಳು ಮುಳುಗಿದವು. ಗಲ್ಲಿಗೆಲ್ಲ ಬೆಳಕು, ನಮಗೆ ಮಾತ್ರ ಕತ್ತಲೆ. ನೀವು ನೆನೆಸಿಟ್ಟ ಅಕ್ಕಿ-ಉದ್ದು ಕೆಟ್ಟು ಗಟಾರಕ್ಕೆ ಹೋಯಿತು. ಗಾಯದ ಮೇಲೆ ಬರೆ ಎಳೆದಂತೆ ಸೊಸೈಟಿ ಸೆಕ್ರೆಟರಿ ಎಲ್ಲರೆದುರು, “ಯೇ ಸಬ್ ಗಿರಿಜಾಬಾಯಿ ಕಾ ಹೆಡೇಕ್ ಹೈ” ಎಂದರು, ಇದೆಲ್ಲ ನಿಮ್ಮ ತಲೆನೋವಿನ ಫಲ ಎಂಬಂತೆ. ನಾನು ಅಲ್ಲೇ ಇದ್ದೆ, ಮೇಣದಬತ್ತಿ ಹಿಡಿದು. ನೀವು ನನ್ನ ಹೆಸರು ಎತ್ತಲಿಲ್ಲ. ಆಮೇಲೆ ಮೆಟ್ಟಿಲಲ್ಲಿ ನನ್ನ ಕೈ ಹಿಡಿದು ಹೇಳಿದಿರಿ: “ನಿಮಗೂ ಯಾರೋ ಸುಳ್ಳ ಹೇಳ್ಯಾರ್ರಿ ಅಕ್ಕೋರ, ಹೋಗ್ಲಿ ಬಿಡ್ರಿ.”

ಆಗ ಹೇಳಬೇಕಿತ್ತು. ಹೇಳಲಿಲ್ಲ. ಬದಲಿಗೆ ಮರುದಿನವೇ ಸೆಕ್ರೆಟರಿಯ ಬಳಿ ಹೋಗಿ ಕೋಣೆಯ ಬೀಗದಕೈ ಕೊಟ್ಟೆ — ಬಹಳ ದೊಡ್ಡ ಮನಸ್ಸಿನವಳ ಹಾಗೆ.

ಕಂಪನಿಯವರು ಮತ್ತೆ ಬಂದು ಮೀಟರುಗಳನ್ನು ಅಲ್ಲಿಗೆ ಏರಿಸಿದರು. ಆಮೇಲೆ ಆದದ್ದೆಲ್ಲ ಸಂಭ್ರಮವೇ. ಕೋಣೆಯಿಲ್ಲದ ಕ್ಲಾಸನ್ನು ನೀವೇ ನಿಮ್ಮ ಅಡುಗೆಮನೆಗೆ ಕರೆದಿರಿ. ನನ್ನ ಕೋಣೆಯಲ್ಲಿ ಬಾಯಿಬಿಡದ ಮಕ್ಕಳು ನಿಮ್ಮ ದೋಸೆ ಹೆಂಚಿನ ಮುಂದೆ ಜಗಳವಾಡುವಷ್ಟು ಕನ್ನಡ ಕಲಿತವು. ಮೊನ್ನೆ ಮೂರನೇ ಮಹಡಿಯ ತಮಿಳು ಹುಡುಗಿ ಥೇಟ್ ನಿಮ್ಮ ಧಾಟಿಯಲ್ಲಿ ನನ್ನನ್ನೇ, “ಊಟ ಆತೇನ್ರಿ ಅಕ್ಕೋರ?” ಎಂದಳು! ಮೈಸೂರಿನ ನನ್ನ ಕನ್ನಡ ಮೂಲೆಗೆ ಸರಿಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಅವಳನ್ನು ತಿದ್ದಲಿಲ್ಲ.

ಆದರೆ ಮೀಟರ್ ಕೋಣೆಯ ಪೂಜೆಯ ದಿನ — ಕ್ಲಾಸಿನ ಕೋಣೆ ತ್ಯಾಗ ಮಾಡಿದೆನೆಂದು ನನಗೆ ಶಾಲು ಹೊದಿಸಿದರು. ನಾನು ಹೊದ್ದುಕೊಂಡೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನೀವು.

ಆ ಶಾಲನ್ನು ಮತ್ತೆ ಹೊದ್ದಿಲ್ಲ. ಮುಂದಿನ ಸೊಸೈಟಿ ಮೀಟಿಂಗಿನಲ್ಲಿ ಎಲ್ಲರೆದುರು ನಿಜ ಹೇಳಿ ಅದನ್ನು ಹಿಂದಿರುಗಿಸುತ್ತೇನೆ. ಅದಕ್ಕೆ ಮೊದಲು, ಈಗಲೇ, ಒಂದು ಮಹಡಿ ಇಳಿದು ನಿಮ್ಮ ಬಾಗಿಲಿಗೆ ಬರುತ್ತಿದ್ದೇನೆ. ನೀವು ಬೈಯಬಹುದು, ಬಾಗಿಲು ಹಾಕಿಕೊಳ್ಳಬಹುದು. ಗ್ರೈಂಡರ್ ಮಾತ್ರ ನಿಲ್ಲಿಸಬೇಡಿ, ಗಿರಿಜಕ್ಕ. ಅವತ್ತು ಪಿಸುಗುಟ್ಟಿದೆ, ಇವತ್ತು ಅದರ ಸದ್ದನ್ನೂ ಮೀರಿ ಕೂಗಿ ಹೇಳುತ್ತೇನೆ.