ಹೊತ್ತು ಮುಳುಗುವ ಮುಂಚೆ ಒಂದು ತಂಬಿಗೆ ನೀರು

ಕಮಲಾಬಾಯಿ ಒಂದು ಕಣ್ಣು ನಳದ ಮೇಲೆ, ಇನ್ನೊಂದು ಸೂರ್ಯನ ಮೇಲೆ ಇಟ್ಟು ಕಟ್ಟೆಯ ಮೇಲೆ ಕುಳಿತಿದ್ದಳು. ಕಾಗವಾಡದ ಕಡೆಯ ಆ ಊರಲ್ಲಿ ಕೃಷ್ಣೆಯ ಮಹಾಪೂರಕ್ಕೆ ಮನೆ ಕಳೆದುಕೊಂಡವರನ್ನು ಸರ್ಕಾರ ಈ ಎತ್ತರದ ಪ್ಲಾಟಿಗೆ ತಂದು ಹಾಕಿತ್ತು. ನೀರು ಕೊಡುವುದನ್ನು ಮರೆತಿತ್ತು. ಹೊಳೆಗೆ ಹೆದರಿ ಮೇಲೆ ಬಂದವರು ಕೊಡ ಹೊತ್ತು ಮತ್ತೆ ಹೊಳೆಗೇ ಇಳಿಯಬೇಕಿತ್ತು.

ಇಂದು ಸಂಜೆ ಮೊದಲ ಸಲ ನಳಕ್ಕೆ ನೀರು ಬಿಡುವವರಿದ್ದರು. ಮೊದಲ ತಂಬಿಗೆ ಕಮಲಾಬಾಯಿಯೇ ಕುಡಿಯಬೇಕೆಂದು ಹೆಂಗಸರ ಹಟ. ಅವಳಿಗೂ ಆಸೆ. ಆದರೆ ಜೈನರ ಮನೆಯ ಹೆಂಗಸು; ಹೊತ್ತು ಮುಳುಗಿದರೆ ಅನ್ನ ಹಾಗಿರಲಿ, ಹನಿ ನೀರೂ ಇಲ್ಲ. ಐಗಳಿಯ ತವರಲ್ಲಿ ಹಿಡಿದ ನೇಮವನ್ನು ಬಾಣಂತನದಲ್ಲೂ ಬಿಟ್ಟಿರಲಿಲ್ಲ, ಗಂಡ ಸತ್ತಾಗಲೂ ಬಿಟ್ಟಿರಲಿಲ್ಲ.

"ಅಭಿನಂದನ, ಎಲ್ಲಿಗೆ ಬಂತೋ ನೀರು?"

ಮಗ ಕಿವಿಯಿಂದ ಫೋನು ತೆಗೆಯಲಿಲ್ಲ. "ಟಾಕಿ ತುಂಬೇತಂತ ಆಯಿ. ಈಗ ಬಿಡಾಕತ್ತಾರ."

"ಸೂರ್ಯಾಗ ತುಸು ತಡಿ ಅನ್ನಲೇನ್ರಿ ಬಾಯಾರ?" ಪಕ್ಕದಲ್ಲಿ ಕುಳಿತಿದ್ದ, ಪ್ಲಾಟಿನಲ್ಲೇ ಮನೆ ಇದ್ದ ಸುಂದ್ರವ್ವ ಕೆಣಕಿದಳು. "ಇಲ್ಲಾ ನೀವ ಹೇಳ್ರಿ. ಸಾಹೇಬರನ್ನ ತಡದು ರೂಢಿ ಐತಿ ನಿಮಗ."

ರೂಢಿ ಸುಮ್ಮನೆ ಆದದ್ದಲ್ಲ. ಮೊದಲು ಪ್ಲಾಟಿನವರು ಕಮಲಾಬಾಯಿಯ ಕಬ್ಬಿನ ಹೊಲದ ಬಾವಿಗೆ ಬಂದರು. ಆಗಿನ್ನೂ ಬದುಕಿದ್ದ ಗಂಡ ಕಾಕಾಸಾಹೇಬ ಗೊಣಗಿದ. "ಕಬ್ಬು ನಾಕ ದಿನ ತಡೀತೈತಿ, ಕೂಸು ತಡ್ಯಂಗಿಲ್ಲ" ಅಂದಳು. ಮರುದಿನ ಅವನೇ ಮೋಟರು ಚಾಲೂ ಮಾಡಿದ. ಬೇಸಿಗೆಗೆ ಆ ಬಾವಿಯೂ ತಳ ಕಂಡಾಗ, ಖಾಲಿ ಕೊಡ ಹೊತ್ತ ಹೆಂಗಸರೊಂದಿಗೆ ಸರ್ಕಾರಿ ಕಚೇರಿಯ ಬಾಗಿಲಿಗೆ ಅಡ್ಡ ಕುಳಿತಳು. ಹೊತ್ತಿರುವಾಗಲೇ ಗಂಟು ಬಿಚ್ಚಿ ರೊಟ್ಟಿ ತಿಂದು ಬಾಯಿ ಒರೆಸಿಕೊಂಡಳು. ಕತ್ತಲಾದ ಮೇಲೆ ಬಂದ ಅಧಿಕಾರಿ ನೀರು ಕೊಟ್ಟರೆ ಮುಟ್ಟಲಿಲ್ಲ. ಆತನಿಗೆ ಬೆವರು ಬಂತು. "ಉಪವಾಸ ಕುಂತೀರೇನ್ರಿ?"

"ಹೂಂ ಅನ್ರಿ" ಎಂದು ಸುಂದ್ರವ್ವ ತಿವಿದಳು.

"ಸುಳ್ಳ ಯಾಕ? ಉಂಡ ಕುಂತೇನ್ರಿ ಸಾಹೇಬ್ರ. ಅದಕ ಭಾಳ ದಿನ ಕುಂದರತೇನಿ."

ಹಸಿದವರನ್ನು ಎಬ್ಬಿಸಬಹುದು, ಉಂಡು ಕುಳಿತವರನ್ನು ಎಬ್ಬಿಸುವುದು ಹೇಗೆ? ಪೈಪಿನ ಕೆಲಸ ಶುರುವಾದದ್ದು ಆಮೇಲೆಯೇ.

ಈಗ ಕಬ್ಬಿನ ಗರಿಗಳ ಹಿಂದೆ ಸೂರ್ಯ ಜಾರಿದ. ಕೆಂಪು ಅಂಚೂ ಹೋಯಿತು. ಆಗಲೇ ನಳ ಬುಸ್ಸೆಂದಿತು. ಗಾಳಿ, ಕೆಸರು, ಆಮೇಲೆ ತಿಳಿನೀರು. ಹುಡುಗರು ನಳದ ಕೆಳಗೇ ತಲೆ ಒಡ್ಡಿದರು, ಹೆಂಗಸರು ಕೊಡ ಬಡಿದು ಕುಣಿದರು. ಸುಂದ್ರವ್ವ ತುಂಬಿ ತುಳುಕುವ ತಂಬಿಗೆ ತಂದು ಮುಂದೆ ಹಿಡಿದಳು.

ಕಮಲಾಬಾಯಿಯ ಗಂಟಲು ಒಣಗಿತ್ತು. ಕೈ ಅರ್ಧ ಎದ್ದು ನಿಂತಿತು.

"ಒಂದ ಗುಟುಕು ಕುಡೀರಿ ಅಜ್ಜಿ, ಫೋಟೋ ತಗೋಬೇಕ್ರಿ," ಎಂದ ನಳದ ಕೆಲಸ ಮಾಡಿಸಿದ್ದ ಇಂಜಿನಿಯರ್.

"ಇವತ್ತಿನ ನೀರು ಫೋಟೋಕ್ಕ ಸಾಹೇಬ್ರ. ನಾಳೆ ಬಂದ್ರ ಅದು ಕುಡ್ಯೂ ನೀರು. ಹೊತ್ತು ಹುಟ್ಟಿದ ಮ್ಯಾಲ ಬರ್ತೇನಿ. ನೀವೂ ಬರ್ರಿ."

ಇಂಜಿನಿಯರನ ನಗು ಇಳಿಯಿತು.

ಬೆಳಿಗ್ಗೆ ಇಡೀ ಪ್ಲಾಟು ನಳದ ಸುತ್ತ ನಿಂತಿತ್ತು. ಇಂಜಿನಿಯರ್ ಅವಳಿಗಿಂತ ಮೊದಲೇ ಬಂದಿದ್ದ, ರಾತ್ರಿಯೆಲ್ಲ ಟಾಕಿ ಕಾದವನ ಕಣ್ಣಿಗೆ ನಿದ್ದೆ ಇಲ್ಲ. ಕಮಲಾಬಾಯಿ ನಳದ ಬಾಯಿಗೆ ಸೋಸುವ ಅರಿವೆ ಕಟ್ಟಿ ನಳ ತಿರುವಿದಳು. ನೀರು ಬಂತು. ತಂಬಿಗೆ ತುಂಬಿ ಗಟಗಟ ಕುಡಿದಳು.

"ಹೆಂಗೈತ್ರಿ?" ಎಂದಳು ಸುಂದ್ರವ್ವ.

"ಸಪ್ಪಗೈತಿ. ನಮ್ಮ ಬಾವೀದ ಚಲೋ." ತಂಬಿಗೆ ಅವಳ ಕೈಗಿಟ್ಟಳು. "ಖರೆ ಇದು ನಿನ್ನ ಮನಿ ಮುಂದ ಐತಿ. ಕುಡಿ."