ಶಾಲು ಹೊದಿಸದ ಸ್ವಾಗತ

ನಮ್ಮ ಸಂಸ್ಥೆಯ ಅಧ್ಯಕ್ಷರು ಬಂಟ್ವಾಳದಲ್ಲಿ ಅರ್ಧ ಆಯುಷ್ಯ ಹೋಟೆಲು ನಡೆಸಿದವರು. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಅವರ ಜಾತಕದಲ್ಲೇ ಇಲ್ಲ. ನಡೆಯಲಾಗದ ಮಕ್ಕಳಿಗೆ ವ್ಯಾಯಾಮ ಮಾಡಿಸಲು ಮುಂಡಾಜೆಯಲ್ಲಿ ನಾವೊಂದು ಕೋಣೆ ತೆರೆದ ಮೇಲೆ, ಸರಕಾರದ ಕಡೆಯಿಂದ ಯಾರೇ ಬರಲಿ, ಅವರಿಗೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಶಾಲು ಮೂಡುಬಿದಿರೆಯ ಅಂಗಡಿಯದ್ದೇ ಆಗಬೇಕು. ಸನ್ಮಾನ ಮುಗಿಯುವಷ್ಟರಲ್ಲಿ ಊಟದ ಹೊತ್ತು, ಊಟ ಮುಗಿದರೆ ಜೀಪು ಹೊರಟಿತು. ಮಕ್ಕಳನ್ನು ನೋಡಲು ಬಂದ ಸಾಹೇಬರು ಮಕ್ಕಳನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿ ಹೋಗುತ್ತಿದ್ದರು.

ನಿವೃತ್ತ ಟೀಚರಾದ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಇವರೆಂತ ಮದುಮಗನಾ, ಮಾರಾಯ್ರೆ?" ಎಂದು ಅಧ್ಯಕ್ಷರನ್ನು ಕೇಳಿದೆ.

"ಸರಕಾರ ಅಲ್ವಾ ಟೀಚರೇ, ಚಂದ ನೋಡಿಕೊಳ್ಬೇಕು" ಎಂದರು.

ಚಂದ ನೋಡಿಕೊಂಡದ್ದೇ ಎಡವಟ್ಟಾಯಿತು. ನೆಂಟರಿಗೆ ಯಾರಾದರೂ ಕೆಲಸ ಹೇಳುತ್ತಾರೆಯೇ? ನಮಗೆ ಬೇಕಾಗಿದ್ದದ್ದು ಒಂದೇ. ಬೆಳ್ತಂಗಡಿಯ ಸರಕಾರಿ ಫಿಸಿಯೋಥೆರಪಿಸ್ಟ್ ವಾರಕ್ಕೊಮ್ಮೆ ನಮ್ಮ ಕೋಣೆಗೆ ಬರಬೇಕು. ಅದನ್ನು ಭಾಷಣದ ಕೊನೆಯಲ್ಲಿ 'ವಿನಮ್ರ ವಿನಂತಿ' ಎಂದು ಓದುತ್ತಿದ್ದೆವು. ಚಪ್ಪಾಳೆಯಲ್ಲಿ ಅದು ಮುಳುಗಿ ಹೋಗುತ್ತಿತ್ತು.

ಆದರೆ ಕೊಕ್ಕಡದ ಒಬ್ಬಳು ಹುಡುಗಿಗೆ ಕಾಯಲು ಸಮಯವಿರಲಿಲ್ಲ. ಅಪ್ಪ ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗಿಗೆ ಹೋಗುತ್ತಾನೆ, ಅಮ್ಮ ಅವಳನ್ನು ಸೊಂಟದಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಾಳೆ. ಜೂನಿನಲ್ಲಿ ಒಂದನೇ ಕ್ಲಾಸು ಸೇರಬೇಕು.

"ಅಮ್ಮ ಎತ್ತಿಕೊಂಡು ಹೋಗುದಾದ್ರೆ ನಾನು ಶಾಲೆಗೆ ಹೋಗುದೇ ಇಲ್ಲ. ನಡೆದೇ ಹೋಗುದು" ಎಂದು ಅವಳು ಸಾರಿಬಿಟ್ಟಿದ್ದಳು. ಆ ಹಟ ಕಂಡರೆ ನನಗೆ ಬಲು ಪ್ರೀತಿ.

ಅಷ್ಟರಲ್ಲಿ ತಾಲೂಕಿನ ಹಳೆಯ ಆರೋಗ್ಯಾಧಿಕಾರಿಗೆ ವರ್ಗವಾಗಿ ಧಾರವಾಡ ಕಡೆಯ ಒಬ್ಬರು ಬಂದರು. ನಾಳೆ ಭೇಟಿ ಎಂದವರು ಇವತ್ತೇ ಬಂದುಬಿಟ್ಟರು. ಅಧ್ಯಕ್ಷರು ಶಾಲು ತರಲು ಮೂಡುಬಿದಿರೆಗೆ ಹೋಗಿದ್ದರು. ಕೋಣೆಯಲ್ಲಿ, ಹಿಡಿದು ನಡೆಯಲೆಂದು ಹಾಕಿದ ಎರಡು ಕಬ್ಬಿಣದ ಪೈಪುಗಳ ನಡುವೆ ಹುಡುಗಿ ನಿಂತಿದ್ದಳು. ಸೊಂಟದ ಬೆಲ್ಟಿನ ಒಂದು ಬದಿ ನಾನು ಹಿಡಿದಿದ್ದೆ, ಅಮ್ಮ ಅಂಗಡಿಗೆ ಹೋಗಿದ್ದರಿಂದ ಇನ್ನೊಂದು ಬದಿಗೆ ಜನ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಗಸನ್ನು ಹುಡುಗಿ ಗದರಿದಳು.

"ಸುಮ್ಮನೆ ಎಂತ ನಿಂತದ್ದು? ಈಚೆ ಬದಿ ಹಿಡೀರಿ!"

ಯಾರೋ ಮಗುವಿನ ಅತ್ತೆ ಇರಬೇಕೆಂದು ನಾನೂ "ಬಿಗಿಯಾಗಿ ಹಿಡೀರಿ" ಎಂದೆ. ಅವರು ಬ್ಯಾಗು ಕೆಳಗಿಟ್ಟು ಹಿಡಿದರು. ಪೈಪಿನ ಆ ತುದಿ ಮುಟ್ಟಿದ ಮೇಲಷ್ಟೇ ಹಿಂದಿನಿಂದ ಬಂದ ಡ್ರೈವರ್ ಪಿಸುಗುಟ್ಟಿದ, "ಟೀಚರೇ, ಅವರು ಹೊಸ ಮೇಡಂ."

ನಾನು ಗಡಿಬಿಡಿಯಲ್ಲಿ ಒಂದೇ ಕೈಯಲ್ಲಿ ನಮಸ್ಕಾರ ಮಾಡಿದೆ. ಮೇಡಂ ಬೆವರು ಒರೆಸಿಕೊಳ್ಳುತ್ತಾ, "ಇರ್ಲಿ ಬಿಡ್ರಿ. ನಮ್ಮ ಥೆರಪಿಸ್ಟ್ ಬರೂದಿಲ್ಲೇನು?" ಎಂದರು.

"ಇಲ್ಲ. ಬರಲೇಬೇಕು. ಜೂನಿನೊಳಗೆ ಇವಳು ನಡೀಬೇಕು" ಎಂದೆ. ಅಷ್ಟು ನೇರವಾಗಿ ಸರಕಾರದೊಡನೆ ನಾವು ಮಾತಾಡಿದ್ದು ಅದೇ ಮೊದಲು.

ಅಧ್ಯಕ್ಷರು ಶಾಲು ಹಿಡಿದು ಏದುಸಿರು ಬಿಡುತ್ತಾ ಬಂದರು. ಮೇಡಂ ಅದನ್ನು ತೆಗೆದುಕೊಂಡು ಪೈಪಿಗೆ ಸುತ್ತಿದರು. "ಕೂಸಿನ ಕೈ ಜಾರಾಕತ್ತೈತಿ, ನೋಡ್ರಿ." ಅಧ್ಯಕ್ಷರ ಮುಖ ಮೊದಲು ಬಾಡಿತು. ಆಮೇಲೆ ಅವರೇ ಬೀರುವಿನಿಂದ ಇನ್ನೊಂದು ಶಾಲು ತಂದು ಎರಡನೇ ಪೈಪಿಗೂ ಸುತ್ತಿದರು.

ಮುಂದಿನ ವಾರದಿಂದ ಥೆರಪಿಸ್ಟ್ ಬಂದರು. ಅವರು ರಜೆ ಹಾಕಿದರೆ ನಾನು ಮೇಡಂ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ. ಕೋಣೆ ಗುಡಿಸದಿದ್ದರೆ ಮೇಡಂ ನನಗೆ ಬೈಯುತ್ತಿದ್ದರು. ಇಷ್ಟು ವರ್ಷ ಸರಕಾರದೊಂದಿಗೆ ಒಂದು ಜಗಳವೂ ಆಗಿರಲಿಲ್ಲ, ಒಂದು ಕೆಲಸವೂ ಆಗಿರಲಿಲ್ಲ.

ಶಾಲೆ ಶುರುವಾದ ದಿನ ಹುಡುಗಿ ವಾಕರ್ ಹಿಡಿದು ಮುಂದೆ, ಅಮ್ಮ ಬರಿಗೈಯಲ್ಲಿ ಹಿಂದೆ. ಗೇಟಿನಿಂದ ಕ್ಲಾಸಿನವರೆಗೂ ನಡೆದೇ ಹೋದಳು. ಮೇಡಂ ಮತ್ತು ನಾನು ನಾಚಿಕೆ ಬಿಟ್ಟು ಅತ್ತೆವು. ಅಧ್ಯಕ್ಷರು ಇಡೀ ಶಾಲೆಗೆ ಲಡ್ಡು ಹಂಚಿದರು.

ಕಳೆದ ತಿಂಗಳು ಮೇಡಂಗೂ ವರ್ಗವಾಯಿತು. "ಇವರಿಗಾದ್ರೂ ಒಂದು ಶಾಲು ಹೊದಿಸುವ, ಟೀಚರೇ" ಎಂದು ಅಧ್ಯಕ್ಷರು ಅಂಗಲಾಚಿದರು.

"ಮನಿಯವ್ರಿಗೆ ಯಾರ್ರೀ ಶಾಲು ಹೊದಿಸ್ತಾರ?" ಎಂದು ನಕ್ಕ ಮೇಡಂ ತಾವೇ ಎಲ್ಲರಿಗೂ ಚಾ ಸೋಸಿಕೊಟ್ಟರು.

ಪೈಪುಗಳ ನಡುವೆ ಈಗ ಬೇರೊಂದು ಮಗು ನಿಂತಿತ್ತು. ನಮ್ಮ ಹುಡುಗಿ ಚಾ ಮುಗಿಸಿ ಬಾಯಿ ಒರೆಸಿಕೊಂಡು ನನ್ನನ್ನು ಕೇಳಿದಳು:

"ಹೊಸ ಸಾಹೇಬ್ರು ಯಾವಾಗ ಬರುದು ಟೀಚರೇ? ಈಚೆ ಬದಿ ಹಿಡೀಲಿಕ್ಕೆ ಜನ ಇಲ್ಲ."