ಜುಮ್ ಅನ್ನುವ ಡಬ್ಬಿ

ನನ್ನ ತಂಗಿಯನ್ನು ನಾನೇ ಕೊಂದೆ ಅಂದುಕೊಂಡು ಶಿಕಾರಿಪುರದಿಂದ ಸೊರಬದವರೆಗೆ ಬಸ್ಸಿನಲ್ಲಿ ಹೋದ ಶನಿವಾರವನ್ನು ನಾನು ಮರೆತಿಲ್ಲ. ಅದಾಗಿ ಎರಡು ವರ್ಷವಾಯಿತು. ಈಗಲೂ ಯಾರಾದರೂ ಗಿಟಾರ್ ಅಂದರೆ ಪ್ಲಗ್ ಎಲ್ಲಿದೆ ಎಂದು ಮೊದಲು ಹುಡುಕುತ್ತೇನೆ.

ನಾನು ಶಿಕಾರಿಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನಮ್ಮನೆ ಮಿಕ್ಸಿ ಕೆಟ್ಟರೂ ಪಕ್ಕದ ಮನೆ ಟಿವಿ ಕೆಟ್ಟರೂ ಬಿಚ್ಚುವವಳು ನಾನೇ. ಬಿಚ್ಚಿದ್ದೆಲ್ಲ ಸರಿಯಾಗಿದೆ ಎಂದೇನಲ್ಲ, ಆದರೆ ಅದನ್ನು ಯಾರಾದರೂ ಎತ್ತಿ ಆಡಿದರೆ ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅಮ್ಮ ಬೇಗ ತೀರಿಕೊಂಡಿದ್ದರಿಂದ ಅವಳಿಗೆ ಜಡೆ ಹಾಕಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು, ಗದರಿಸಿದ್ದು ಎಲ್ಲ ನಾನೇ. ಮದುವೆಯಾಗಿ ಸೊರಬಕ್ಕೆ ಹೋದಳು. ಗಂಡ ಜಮೀನು ನೋಡಿಕೊಂಡು ಕುರಿ ಸಾಕುತ್ತಾನೆ, ಇವಳು ನರ್ಸರಿ ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಾಳೆ. ಅಲ್ಲಿದ್ದುಕೊಂಡೇ ಫೋನು ನೋಡಿ ನೋಡಿ ಗಿಟಾರ್ ಕಲಿತಳು. ಯಾರೋ ಮಾರಲಿಟ್ಟಿದ್ದ ಹಳೆಯ ಎಲೆಕ್ಟ್ರಿಕ್ ಗಿಟಾರನ್ನು ಮನೆಗೂ ತಂದಳು.

ಅವಳ ಶಾಲೆಯ ವಾರ್ಷಿಕೋತ್ಸವ ಹತ್ತಿರ ಬಂದಾಗ ನನಗೆ ಫೋನು ಮಾಡಿದಳು.

"ಅಕ್ಕ, ಗರ್ ಅನ್ನೋ ಸೌಂಡ್ ಬೇಕು ಕಣೇ. ಅದಕ್ಕೊಂದು ಪೆಡಲ್ ಬರ್ತೈತಂತೆ. ನೀನೇ ಮಾಡ್ಕೊಡು."

ಅದು ಡಿಸ್ಟಾರ್ಷನ್ ಪೆಡಲ್. ಗಿಟಾರಿಗೂ ಸ್ಪೀಕರಿಗೂ ನಡುವೆ ಇಡುವ ಡಬ್ಬಿ. ಅದರ ಗುಂಡಿಯನ್ನು ಕಾಲಲ್ಲಿ ಒತ್ತಿದರೆ ನಯವಾದ ದನಿ ಒರಟಾಗುತ್ತದೆ. ದನಿಯನ್ನು ಹಿಗ್ಗಿಸಲು ಒಂದು ಐಸಿ, ಹಿಗ್ಗಿದ ಅಲೆಯ ತಲೆ ಕತ್ತರಿಸಲು ಎದುರುಬದುರಾಗಿ ಕೂರಿಸಿದ ಎರಡು ಡಯೋಡು, ಒಂದಷ್ಟು ಚಿಲ್ಲರೆ ಸಾಮಾನು. ಒಂದು ಭಾನುವಾರ ಅವಳ ಮನೆಯಲ್ಲೇ ಕೂತು ಬೆಸೆದೆ. ಅವಳ ಮದುವೆಗೆ ಉಡುಗೊರೆ ಬಂದಿದ್ದ, ಕೊಟ್ಟವರ ಹೆಸರು ಕೊರೆದ ಸ್ಟೀಲ್ ಡಬ್ಬಿಗೇ ತೂತು ಹೊಡೆದು ಎಲ್ಲವನ್ನೂ ಅದರೊಳಗೆ ಕೂರಿಸಿದೆ. ಗರ್ ಎಂದಿತು. ತಂಗಿ ಕುಣಿದಾಡಿದಳು.

ಆದರೆ ನುಡಿಸಿಯಾದ ಮೇಲೆ ವೈರು ಕೀಳುವುದು ಅವಳಿಗೆ ನೆನಪಿರುತ್ತಿರಲಿಲ್ಲ. ಬ್ಯಾಟರಿ ವಾರಕ್ಕೊಂದು ಖಾಲಿಯಾಯಿತು. "ನಿನಗೆ ತಲೆ ಅನ್ನೋದೇ ಇಲ್ಲ" ಎಂದು ಬೈದು, ಗೋಡೆಯ ಕರೆಂಟಿನಿಂದಲೇ ನಡೆಯುವ ಹಾಗೆ ಮಾಡಿಕೊಟ್ಟೆ. ಅದಕ್ಕೆ ಬಳಸಿದ್ದು ಕೆಟ್ಟುಹೋದ ಸೊಳ್ಳೆ ಬ್ಯಾಟಿನ ಚಾರ್ಜಿಂಗ್ ಬೋರ್ಡು. ಕಸಕ್ಕೆ ಹೋಗುವುದನ್ನು ಉಳಿಸಿದೆನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅದನ್ನು ಕಾಲಲ್ಲಿ ಒತ್ತುವ ವಿಷಯಕ್ಕೂ ಸಣ್ಣ ಜಗಳವಾಗಿತ್ತು. "ವಾದ್ಯ ಅಂದ್ರೆ ಸರಸ್ವತಿ. ಚಪ್ಲಿ ಕಾಲಲ್ಲಿ ಹೆಂಗೆ ತುಳೀಲಿ?" ಎಂದಳು. ಚಪ್ಪಲಿ ಬಿಟ್ಟು, ಡಬ್ಬಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಬರಿಗಾಲಿನ ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ನಾನೋ ಹಿಮ್ಮಡಿ ನೋವಿನವಳು, ಮನೆಯೊಳಗೂ ರಬ್ಬರ್ ಚಪ್ಪಲಿ ಬೇಕು. ಪೆಡಲನ್ನು ಪರೀಕ್ಷೆ ಮಾಡಿದ್ದೆಲ್ಲ ಚಪ್ಪಲಿ ಹಾಕಿಕೊಂಡೇ.

ಆ ವಾರದ ಗುರುವಾರ ಅವಳಿಂದ ಫೋನು ಬಂತು. "ಅಕ್ಕ, ನುಡಿಸ್ತಿದ್ರೆ ಕೈಯೆಲ್ಲ ಜುಮ್ ಅಂತೈತೆ ಕಣೇ" ಎಂದಳು. ಇದಕ್ಕಿಂತ ಹೊಗಳಿಕೆ ಬೇಕೆ? ನಾನು ಉಬ್ಬಿಹೋದೆ. "ಹಂಗೇ ಇರ್ಬೇಕು. ಅದಕ್ಕೇ ಅಲ್ವಾ ಮಾಡಿದ್ದು" ಎಂದೆ. ಅವಳು "ಹೌದಾ? ಸರಿ" ಎಂದಳು.

ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನ ಮನೆಗೆ ಬಂದು ನೆಲ ಒರೆಸಿ, ಅವಳದು ಕೆಟ್ಟರೆ ಇರಲಿ ಎಂದು ಅಂಥದೇ ಇನ್ನೊಂದು ಪೆಡಲ್ ಜೋಡಿಸುತ್ತ ಕೂತೆ. ನೆಲ ಹಸಿಯಿದೆ, ಹೆಜ್ಜೆ ಮೂಡುತ್ತದೆಂದು ಚಪ್ಪಲಿಯನ್ನು ಹೊರಗೆ ಬಿಟ್ಟಿದ್ದೆ. ಪ್ಲಗ್ ಸಿಕ್ಕಿಸಿ ಡಬ್ಬಿಗೆ ಬೆರಳು ತಾಗಿಸಿದ್ದೇ ತಡ, ಭುಜದವರೆಗೆ ಹೊಡೆಯಿತು. ಕುರ್ಚಿ ಸಮೇತ ಹಿಂದಕ್ಕೆ ಬಿದ್ದೆ. ಎದ್ದು ಟೆಸ್ಟರ್ ಹಿಡಿದು ನೋಡಿದರೆ, ಡಬ್ಬಿಯ ಎಲ್ಲಿ ಇಟ್ಟರೂ ಕೆಂಪು ದೀಪ ಹತ್ತುತ್ತಿತ್ತು.

ಸೊಳ್ಳೆ ಬ್ಯಾಟಿನ ಬೋರ್ಡು ಕರೆಂಟನ್ನು ಇಳಿಸುತ್ತದೆ, ಆದರೆ ಮೇನ್ ಲೈನಿನಿಂದ ಬಿಡಿಸುವುದಿಲ್ಲ. ಬ್ಯಾಟಿನಲ್ಲಾದರೆ ಸುತ್ತಲೂ ಪ್ಲಾಸ್ಟಿಕ್ ಇರುತ್ತದೆ, ಕೈಗೆ ತಾಗುವುದಿಲ್ಲ. ನಾನು ಅದನ್ನು ಸ್ಟೀಲ್ ಡಬ್ಬಿಗೆ ಕೊಟ್ಟಿದ್ದೆ, ಡಬ್ಬಿಯಿಂದ ಗಿಟಾರಿನ ತಂತಿಗೆ ಕೊಟ್ಟಿದ್ದೆ, ತಂತಿಯನ್ನು ತಂಗಿಯ ಕೈಗೆ ಕೊಟ್ಟಿದ್ದೆ. ಪ್ರತಿ ವರ್ಷ ಹತ್ತನೇ ಕ್ಲಾಸಿಗೆ ವಿದ್ಯುತ್ತಿನ ಪಾಠ ಮಾಡುವವಳು ನಾನು. ಜುಮ್ ಅಂತೈತೆ ಎಂದು ಅವಳು ಹೇಳಿದ್ದು ಖುಷಿಯಿಂದಲ್ಲ, ಕರೆಂಟಿನ ಮಾತು ಅದು ಎಂದು ಆಗ ಹೊಳೆಯಿತು.

ಅವತ್ತು ಬೆಳಿಗ್ಗೆ ಫೋನಿನಲ್ಲಿ ಅವಳು ಇನ್ನೊಂದು ಮಾತೂ ಹೇಳಿದ್ದಳು. ತನ್ನ ಶಾಲೆಯ ಸಭಾಂಗಣವನ್ನು ಮಧ್ಯಾಹ್ನ ತೊಳೆಯುತ್ತಾರೆ, ಮೂರು ಗಂಟೆಗೆ ಅಲ್ಲೇ ಪ್ರಾಕ್ಟೀಸು. ಮನೆಯ ಒಣ ನೆಲದ ಮೇಲೆ ಜುಮ್ ಎಂದದ್ದು ತೊಳೆದ ನೆಲದ ಮೇಲೆ ಏನಾಗುತ್ತದೆಂದು ನಾನು ಪಾಠವನ್ನೇ ಮಾಡಿದ್ದೇನೆ. ಗಡಿಯಾರದಲ್ಲಿ ಒಂದೂಕಾಲು.

ಫೋನು ಮಾಡಿದೆ, ಎತ್ತಲಿಲ್ಲ. ಶಾಲೆಯಲ್ಲಿ ಅವಳು ಫೋನನ್ನು ಸೈಲೆಂಟ್ ಮಾಡಿ ಬ್ಯಾಗಿಗೆ ಹಾಕಿಬಿಡುತ್ತಾಳೆ. ಅವಳ ಗಂಡ ಕುರಿ ಕೊಳ್ಳಲು ಕ್ಯಾಸನೂರಿನ ಕಡೆ ಹೋಗಿದ್ದ, ನೆಟ್‌ವರ್ಕ್ ಸಿಗಲಿಲ್ಲ. ಶಾಲೆಯ ಆಫೀಸಿನ ಫೋನು ಹೊಡೆದುಕೊಂಡೇ ಇತ್ತು. 'ಪ್ಲಗ್ ಹಾಕಬೇಡ, ಡಬ್ಬಿ ಮುಟ್ಟಬೇಡ' ಎಂದು ಮೆಸೇಜು ಕಳಿಸಿದೆ. ಒಂದೇ ಟಿಕ್ ಬಂತು, ಅವಳಿಗೆ ತಲುಪಿರಲಿಲ್ಲ. ಬಸ್‌ಸ್ಟ್ಯಾಂಡಿಗೆ ಓಡಿದೆ.

ಕಂಡಕ್ಟರ್ ಬಂದು "ಎಲ್ಲಿಗ್ರೀ? ಆಧಾರ್ ತೋರ್ಸ್ರಿ" ಎಂದ. ಸೊರಬ ಎಂದು ಕೈ ಮುಂದೆ ಮಾಡಿದೆ. ಕೈಯಲ್ಲಿ ಟೆಸ್ಟರ್ ಇತ್ತು. ಅವನು ನನ್ನ ಮುಖ ನೋಡಿ ಆಧಾರ್ ಮತ್ತೆ ಕೇಳಲಿಲ್ಲ. "ಶಿರಾಳಕೊಪ್ಪದಾಗ ಬಸ್ ಬದಲಿ ಮಾಡ್ರಿ ಮೇಡಂ" ಎಂದಷ್ಟೇ ಹೇಳಿ ಟಿಕೆಟ್ ಹರಿದುಕೊಟ್ಟ.

ಶಿರಾಳಕೊಪ್ಪ ಬರುವ ಮೊದಲು ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು. ಡ್ರೈವರ್ ಕಾಳಿನ ಮೇಲೆ ಚಕ್ರ ಹತ್ತದಂತೆ ಮೆಲ್ಲಗೆ ಬಿಟ್ಟ. ಆ ಜೋಳವನ್ನೂ, ಅದನ್ನು ಹರಡಿದವರನ್ನೂ, ಡ್ರೈವರನ ಒಳ್ಳೆಯತನವನ್ನೂ ಮನಸ್ಸಿನಲ್ಲೇ ಬೈದೆ. ಶಿರಾಳಕೊಪ್ಪದಲ್ಲಿ ಸೊರಬದ ಬಸ್ಸಿಗೆ ಇಪ್ಪತ್ತೈದು ನಿಮಿಷ ಕಾದೆ. ಅಷ್ಟು ಹೊತ್ತೂ ಅವಳಿಗೆ ಮತ್ತೆ ಮತ್ತೆ ಫೋನು ಮಾಡುತ್ತಲೇ ಇದ್ದೆ.

ಜೀವಮಾನವಿಡೀ ಕರೆಂಟು ಹೋದಾಗಲೆಲ್ಲ ಶಾಪ ಹಾಕಿದವಳು ಅವತ್ತು ಸೊರಬದ ಕರೆಂಟು ಹೋಗಲಿ ಎಂದು ದೇವರಲ್ಲಿ ಬೇಡಿಕೊಂಡೆ. ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸು ಸೊರಬದ ತನ್ನ ಮನೆಗೆ ಫೋನು ಮಾಡಿ ಮಾತಾಡುತ್ತಿದ್ದಳು. "ಊರಲ್ಲಿ ಕರೆಂಟ್ ಇದೆಯಾ, ಸ್ವಲ್ಪ ಕೇಳ್ತೀರಾ?" ಎಂದೆ. ಕೇಳಿದಳು. ನನಗೆ ಒಳ್ಳೆಯ ಸುದ್ದಿ ಕೊಡುವಂತೆ ನಕ್ಕು, "ಇದೆ ಅಂತೆ ಮಾರಾಯ್ರೆ. ಇವತ್ತು ಬೆಳಗಿಂದ ಒಂದ್ಸಲನೂ ತೆಗ್ದಿಲ್ವಂತೆ" ಎಂದಳು.

ಮುಂದಿನ ದಾರಿಯಲ್ಲಿ ನನಗೆ ಬೇರೇನೂ ಕಾಣಲಿಲ್ಲ. ತಂಗಿ ಚಪ್ಪಲಿ ಬಿಡುತ್ತಾಳೆ, ಬಗ್ಗುತ್ತಾಳೆ, ಡಬ್ಬಿ ಮುಟ್ಟುತ್ತಾಳೆ. ಇಷ್ಟೇ ಮತ್ತೆ ಮತ್ತೆ. ನನಗೆ ಅಷ್ಟು ಹೆದರಿಕೆ ಅಮ್ಮ ಹೋದಾಗಲೂ ಆಗಿರಲಿಲ್ಲ.

ಸೊರಬದಲ್ಲಿ ಇಳಿದಾಗ ಮೂರೂ ಹತ್ತು. ಶಾಲೆಯ ಗೇಟಿಗೆ ಬರುವಾಗ ಒಳಗಿನಿಂದ ಗರ್ ಎನ್ನುವ ದನಿ ಕೇಳಿತು. ಸದ್ದಿದೆ ಅಂದರೆ ಬದುಕಿದ್ದಾಳೆ. ಅಷ್ಟರಲ್ಲಿ ಸದ್ದು ಅರ್ಧಕ್ಕೇ ನಿಂತಿತು. ನಾನು ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಬಾಗಿಲಲ್ಲಿ ಪೊರಕೆ ಹಿಡಿದ ಆಯಾ "ನಿಧಾನ ಬನ್ರೀ, ನೆಲ ಜಾರ್ತದೆ" ಎನ್ನುತ್ತಿದ್ದಳು. ಜಾರುತ್ತಲೇ ಓಡಿ ಗೋಡೆಯ ಪ್ಲಗ್ಗನ್ನು ವೈರು ಹಿಡಿದು ಕಿತ್ತೆ.

ತಂಗಿ ವೇದಿಕೆಯ ಮೇಲೆ ನಿಂತಿದ್ದಳು. ತೊಳೆಯುವ ಕೆಲಸ ಇನ್ನೂ ಅಲ್ಲಿಯತನಕ ಬಂದಿರಲಿಲ್ಲ. ಹಾಡಿನ ಪುಸ್ತಕದ ಹಾಳೆ ತಿರುಗಿಸಲು ನುಡಿಸುವುದನ್ನು ನಿಲ್ಲಿಸಿದ್ದಳಂತೆ. ಬಾಯಿ ಬಿಟ್ಟುಕೊಂಡು ನನ್ನನ್ನು ನೋಡಿದಳು.

ಅವಳ ಎರಡೂ ಕೈಯ ಬೆರಳುಗಳಿಗೆ ವೈರಿಗೆ ಸುತ್ತುವ ಕೆಂಪು ಟೇಪು ಸುತ್ತಿತ್ತು. ಕಾಲಿನ ಹೆಬ್ಬೆರಳಿಗೂ ಸುತ್ತಿತ್ತು.

"ಇದೇನೇ ಇದು?"

"ಶಾಕ್ ಹೊಡೀತದಲ್ಲ ಅಕ್ಕ. ಟೇಪ್ ಸುತ್ಕಂಡ್ರೆ ತಡ್ಕಬೌದು."

"ಶಾಕ್ ಅಂತ ಗೊತ್ತಿತ್ತಾ ನಿನಗೆ? ಗೊತ್ತಿದ್ದೂ ಮುಟ್ಟಿದ್ಯಾ?"

"ಮೊದ್ಲೇ ಹೇಳಿದ್ನಲ್ಲ" ಎಂದಳು. ಆಮೇಲೆ ದನಿ ಸಣ್ಣದು ಮಾಡಿಕೊಂಡು, "ನೀನು ಮಾಡಿದ್ದು ತಪ್ಪಿರಲ್ಲ, ನನಗೇ ನುಡಿಸೋಕೆ ಬರಲ್ಲ ಅನ್ಕಂಡೆ. ಎರಡನೇ ಸಲ ಕೇಳೋಕೆ ಧೈರ್ಯ ಬರ್ಲಿಲ್ಲ."

ಮೂವತ್ತು ದಾಟಿದ ಹೆಂಗಸು ಹೇಳಿದ ಮಾತಿದು. ಅವಳ ಕೊರಳಿನಿಂದ ಗಿಟಾರ್ ತೆಗೆದು ಕೆಳಗಿಟ್ಟೆ, ಒಂದೊಂದೇ ಬೆರಳಿನ ಟೇಪು ಬಿಡಿಸಿದೆ. ಒಳಗೆ ಚರ್ಮ ಬೆವರಿ ಬೆಳ್ಳಗಾಗಿತ್ತು. ಎಲ್ಲ ಬಿಡಿಸಿಯಾದ ಮೇಲೆ ತಲೆ ಸವರೋಣವೆಂದು ಕೈ ಎತ್ತಿದೆ. ಹೊಡೆಯುತ್ತೇನೆಂದುಕೊಂಡು ಅವಳು ಕಣ್ಣು ಮುಚ್ಚಿಕೊಂಡಳು.